‘ಇಂದ’ ಒಂದೇ ಸಾಲದೇ?

ಮುಂಬಯಿಗೆ ಹೋಗುವ ಡೊಂಬಿವಲಿಯ ಲೋಕಲ್ ರೈಲಿನಲ್ಲಿ ಒಂಟಿ ಕಾಲಿನ ಮೇಲೆ ನಿಂತವನನ್ನು ಇಂಗ್ಲಿಷ್ ವ್ಯಾಕರಣ ಕೇಳಬಾರದು ಎಂಬ ಕನಿಷ್ಠ ದಯೆಯೂ ನಮ್ಮ ಕನ್ನಡ ಬಳಗಕ್ಕಿಲ್ಲ. ನಾನು ಇಂಗ್ಲಿಷ್ ಎಂ.ಎ. ಎಂಬ ಗುಟ್ಟು ಹೇಗೋ ಬಯಲಾಗಿದೆ. ‘ಮಾಸ್ತರೇ, ಸಿನ್ಸ್ ಎಲ್ಲಿ, ಫಾರ್ ಎಲ್ಲಿ?’ ಎಂದು ಬಳಗದ ರಾಯರು ಶುರು ಮಾಡುತ್ತಾರೆ.

ನೂರು ಸಲ ಹೇಳಿದ್ದೇನೆ. ಶುರುವಾದ ಗಳಿಗೆಗೆ ಸಿನ್ಸ್, ಕಳೆದ ಅವಧಿಗೆ ಫಾರ್. ತಪ್ಪು ಅವರದೂ ಅಲ್ಲ ಬಿಡಿ. ‘2015ರಿಂದ ಇಲ್ಲಿದ್ದೇನೆ’, ‘ಹತ್ತು ವರ್ಷಗಳಿಂದ ಇಲ್ಲಿದ್ದೇನೆ’ ಎಂದು ಎರಡನ್ನೂ ಒಂದೇ ‘ಇಂದ’ದಲ್ಲಿ ಮುಗಿಸಿದವರು ನಾವು. ಮರಾಠಿಯ ‘ಪಾಸೂನ್’, ಹಿಂದಿಯ ‘ಸೇ’ ಕೂಡ ಅದೇ ಜಾತಿ, ಸಹಾಯಕ್ಕೆ ಬರುವುದಿಲ್ಲ. ಸಾಲದ್ದಕ್ಕೆ, ನಾವು ಸಲೀಸಾಗಿ ‘ಇದ್ದೇನೆ’ ಎನ್ನುವ ಕಡೆ ಇಂಗ್ಲಿಷಿಗೆ ‘ಹ್ಯಾವ್ ಬೀನ್’ ಎಂಬ ಸುತ್ತುದಾರಿಯೇ ಬೇಕು.

ನನ್ನ ಸಿಟ್ಟು ಪ್ರಶ್ನೆಯ ಮೇಲಲ್ಲ, ಉತ್ತರದ ನಂತರದ ವಾದದ ಮೇಲೆ. ‘ಡಿಸ್ಕಸ್’ ಆದಮೇಲೆ ‘ಅಬೌಟ್’ ಬೇಡ ಎಂದರೆ, ‘ನಮ್ಮ ಮ್ಯಾನೇಜರ್ ಹಾಗೆಯೇ ಬರೆಯುತ್ತಾರಲ್ಲ!’ ಗಂಟೆ ಎಂಬರ್ಥದ ‘ಅವರ್’ ಹಿಂದೆ ‘ಆ್ಯನ್’, ‘ಯೂನಿವರ್ಸಿಟಿ’ಗೆ ಬರೀ ‘ಎ’. ಅಕ್ಷರ ನೋಡಬೇಡಿ, ಸದ್ದು ಕೇಳಿ ಎಂದರೆ, ‘ನಿಮಗೆ ಖಚಿತವೇ?’ ಖಚಿತವಿಲ್ಲದಿದ್ದರೆ ಠಾಣೆ ರೈಲು ನಿಲ್ದಾಣದ ನೂಕುನುಗ್ಗಲಿನಲ್ಲಿ ಬಾಯಿ ಬಿಡುತ್ತಿದ್ದೆನೇ?

ಮೊನ್ನೆ ಘಾಟ್ಕೋಪರ್ ದಾಟುವಾಗ ಅದೇ ರಾಯರು ಮತ್ತೆ: ‘ಹಾಗಾದರೆ, ಸಿನ್ಸ್ ಟೆನ್ ಇಯರ್ಸ್ ಅನ್ನಬಹುದು, ಅಲ್ಲವೇ?’

ಕುರ್ಲಾದಲ್ಲೇ ಇಳಿದುಬಿಟ್ಟೆ. ನನ್ನ ಕಚೇರಿ ಇರುವುದು ಮಸ್ಜಿದ್ ಬಂದರಿನಲ್ಲಿ.