ಅಲ್ಪಾಕಾ ಕುರಿ-ಒಂಟೆಗಳ ಮಿಶ್ರತಳಿಯೇ? ಸತ್ಯಾಂಶ

ಅಲ್ಪಾಕಾ ಎಂಬುದು ಕುರಿ ಮತ್ತು ಒಂಟೆಯನ್ನು ಕೂಡಿಸಿ ಪಡೆದ ತಳಿ, ಅಪ್ಪಿಕೊಂಡರೆ ಹಿಗ್ಗುವ ಈ ಪ್ರಾಣಿಯನ್ನು ಮನೆಯಲ್ಲಿ ಒಂಟಿಯಾಗಿಯೂ ಸಾಕಬಹುದು ಎಂಬ ಸಂದೇಶವೊಂದು ಮುದ್ದಾದ ಚಿತ್ರದೊಂದಿಗೆ ಹರಿದಾಡುತ್ತಿದೆ. ಇವೆರಡೂ ನಿಜವಲ್ಲ.

ಅಲ್ಪಾಕಾ ಒಂಟೆಯ ಕುಟುಂಬಕ್ಕೆ ಸೇರಿದ್ದು ಹೌದು, ಆದರೆ ಕುರಿಗೂ ಅದಕ್ಕೂ ಹತ್ತಿರದ ನಂಟಿಲ್ಲ. ಕುರಿಯಲ್ಲಿ 54 ವರ್ಣತಂತುಗಳಿದ್ದರೆ ಅಲ್ಪಾಕಾದಲ್ಲಿ 74 ಇವೆ. ಪೆರು, ಬೊಲಿವಿಯಾಗಳ ಆಂಡಿಸ್ ಪರ್ವತ ಪ್ರದೇಶದಲ್ಲಿ ಸಾವಿರಾರು ವರ್ಷಗಳ ಹಿಂದೆ ಅಲ್ಲಿನ ಪಶುಪಾಲಕರು ವಿಕುನ್ಯಾ ಎಂಬ ಕಾಡುಪ್ರಾಣಿಯನ್ನು ಪಳಗಿಸಿ, ಮೃದುವಾದ ಉಣ್ಣೆಗಾಗಿ ಆಯ್ದು ಬೆಳೆಸಿದ ತಳಿಯಿದು ಎಂಬುದನ್ನು 2001ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಸಮರ್ಥಿಸಿದೆ. ಆ ಜನರ ತಲೆಮಾರುಗಳ ಶ್ರಮವನ್ನು ಮರೆಸಿಬಿಡುವುದೇ ಈ ಸಂದೇಶದ ದೊಡ್ಡ ತಪ್ಪು ಎಂದು ನನಗನ್ನಿಸುತ್ತದೆ.

ಎರಡನೆಯ ಮಾತು ಪ್ರಾಣಿಗೇ ಅಪಾಯಕಾರಿ. ಅಲ್ಪಾಕಾ ಹಿಂಡಿನಲ್ಲಿ ಬದುಕುವ ಜೀವಿಯಾದ್ದರಿಂದ ತನ್ನ ಜಾತಿಯ ಸಂಗಾತಿಗಳಿಲ್ಲದೆ ಒತ್ತಡಕ್ಕೆ ಒಳಗಾಗಿ ಮೇವು ಬಿಡುವುದೂ ಉಂಟು. ಎರಡು ಮೂರಾದರೂ ಜೊತೆಗಿರಬೇಕು. ಹೆಚ್ಚಿನವು ಅಪರಿಚಿತರ ಅಪ್ಪುಗೆಯನ್ನು ಸಹಿಸುತ್ತವೆಯೇ ಹೊರತು ಬಯಸುವುದಿಲ್ಲ. ಹುಲ್ಲು, ಶುದ್ಧ ನೀರು, ನೆರಳು, ಕಾಲಕಾಲಕ್ಕೆ ಉಗುರು ಕತ್ತರಿಸುವಿಕೆ ಮತ್ತು ಜಂತುಹುಳು ತಪಾಸಣೆ ಅಗತ್ಯ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಉಣ್ಣೆ ಕತ್ತರಿಸಬೇಕಾಗುತ್ತದೆ. ಎತ್ತರದ, ತಂಪಾದ ನೆಲಕ್ಕೆ ಹೊಂದಿಕೊಂಡ ಈ ಪ್ರಾಣಿಗೆ ದಟ್ಟ ಉಣ್ಣೆಯೊಂದಿಗೆ ಸೆಕೆ, ತೇವಾಂಶಗಳು ಸೇರಿದರೆ ಉಷ್ಣಾಘಾತವಾಗಿ ಪ್ರಾಣಕ್ಕೇ ಕುತ್ತಾಗಬಹುದು.