ದೊಡ್ಡ ಗಡಿಯಾರ, ಚಿಕ್ಕ ಗಡಿಯಾರ

ಮೈಸೂರಿನವರಿಗೆ ಎರಡು ಗಡಿಯಾರ ಗೊತ್ತು. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಕಟ್ಟಿದ ದೊಡ್ಡ ಗಡಿಯಾರ, ದೇವರಾಜ ಮಾರುಕಟ್ಟೆ ಹತ್ತಿರದ ಚಿಕ್ಕ ಗಡಿಯಾರ. ಹೆಬ್ಬಾಳು ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆ ಈ ಪರಂಪರೆಯನ್ನು ಬಲು ಭಕ್ತಿಯಿಂದ ಉಳಿಸಿಕೊಂಡಿದೆ. ಅಲ್ಲಿ ಬೆಳಿಗ್ಗೆ ನಡೆಯುವುದು ದೊಡ್ಡದು, ಸಂಜೆ ಚಿಕ್ಕದು.

ನಮ್ಮ ಬೀದಿಯ ಮಂಜ ಅಲ್ಲಿ ಆಪರೇಟರ್. ಸಂಬಳ 15,000. ಮೊನ್ನೆ ಸಿಟಿ ಬಸ್ಸು ಕೈಕೊಟ್ಟು ಹತ್ತು ನಿಮಿಷ ತಡವಾಗಿ ಬೆರಳೊತ್ತಿದ. ದೊಡ್ಡ ಗಡಿಯಾರ ಢಣ್ ಎಂದಿತು: ಅರ್ಧ ದಿನ ಕಟ್. ಅದೇ ಸಂಜೆ ಲೋಡು ಹೋಗಬೇಕಿತ್ತು. ಐದಕ್ಕೆ ಸರಿಯಾಗಿ ಎಲ್ಲರ ಕೈಲೂ ಔಟ್ ಪಂಚ್ ಮಾಡಿಸಿ, ಮತ್ತೆ ಮಿಷನ್ ಹತ್ತಿರ ಕಳಿಸಿದರು. ಏಳು ಗಂಟೆವರೆಗೂ ದುಡಿದ. ದಾಖಲೆ ಪ್ರಕಾರ ಆ ಹೊತ್ತಿನಲ್ಲಿ ಅವನು ಮನೆಯಲ್ಲಿ ಕಾಲು ಚಾಚಿಕೊಂಡು ಕಾಫಿ ಕುಡಿಯುತ್ತಿದ್ದ! ಕೈಗೆ ಬಂದಿದ್ದು ಒಂದು ಟೀ, ಒಂದು ಬನ್ನು.

ಲೆಕ್ಕ ಹಾಕಿದೆ. ತಿಂಗಳಿಗೆ 26 ದಿನ, ದಿನಕ್ಕೆ ಎಂಟು ಗಂಟೆ ಎಂದರೆ ಗಂಟೆಗೆ ಸುಮಾರು 72 ರೂಪಾಯಿ. ಹತ್ತು ನಿಮಿಷದ ಬೆಲೆ 12. ಕತ್ತರಿಸಿದ್ದು 288. ಗೈರಾದಷ್ಟು ಹೊತ್ತಿಗೆ ಮಾತ್ರ ಹಿಡಿಯಬೇಕೆಂದು 1936ರ ವೇತನ ಪಾವತಿ ಕಾಯ್ದೆಯೇ ಹೇಳಿತ್ತು. ದಂಡವೆಂದರೂ ಅದು ಸಂಬಳದ ಶೇ. 3 ಮೀರುವಂತಿಲ್ಲ, ರಿಜಿಸ್ಟರಿಗೆ ಬರೆದು ಕಾರ್ಮಿಕರ ಒಳಿತಿಗೇ ಖರ್ಚು ಮಾಡಬೇಕು. (ಆ ಬನ್ನು ಈ ಬಾಬ್ತಿನದೇ ಇರಬೇಕು.)

ಇನ್ನು ಓಟಿ (ಓವರ್‌ಟೈಮ್). 1948ರ ಕಾರ್ಖಾನೆ ಕಾಯ್ದೆಯಲ್ಲಿ ದುಪ್ಪಟ್ಟು, 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ದುಪ್ಪಟ್ಟು. ಮಂಜನ ಲೆಕ್ಕದಲ್ಲಿ ಗಂಟೆಗೆ 144 ರೂಪಾಯಿ. ತಮಾಷೆ ನೋಡಿ, 2023ರ ತಿದ್ದುಪಡಿಯಲ್ಲಿ ನಮ್ಮ ರಾಜ್ಯ ಮೂರು ತಿಂಗಳ ಓಟಿ ಮಿತಿಯನ್ನು 75ರಿಂದ ಏರಿಸಿದ್ದೂ 144 ಗಂಟೆಗೇ. ನಮಗೆ ಗೊತ್ತಿದ್ದ 144 ಅಂದರೆ ನಾಲ್ಕು ಜನ ಒಟ್ಟಿಗೆ ನಿಲ್ಲಬಾರದು ಅನ್ನೋದು. ಓಟಿ ಕೇಳಲು ಹೋದವರಿಗೆ ಸಿಕ್ಕಿದ್ದು ಆ ಅರ್ಥವೇ.

"ನಾವೆಲ್ಲ ಒಂದೇ ಫ್ಯಾಮಿಲಿ ಕಣಪ್ಪ, ಮನೆ ಕೆಲಸಕ್ಕೆ ಯಾರಾದ್ರೂ ಓಟಿ ಕೇಳ್ತಾರಾ?" ಅಂದರಂತೆ ಮ್ಯಾನೇಜರು.

ಮಂಜ ಸುಮ್ಮನಿರುವವನಲ್ಲ. "ತಡವಾಗಿ ಬಂದ ಮಗನಿಗೆ ನಮ್ಮವ್ವ ಅರ್ಧ ಮುದ್ದೆ ಕಟ್ ಮಾಡಲ್ಲ ಸಾರ್" ಅಂದ. ಆ ಮಾತಿಗೆ ಆಯುಧಪೂಜೆಯ ಸ್ವೀಟ್ ಬಾಕ್ಸ್ ಪಟ್ಟಿಯಿಂದ ಅವನ ಹೆಸರು ಹೋಯಿತು.

"ಕಾಯ್ದೆಯ ಸಾರಾಂಶವನ್ನ ಕನ್ನಡದಲ್ಲಿ ಗೇಟ್ ಹತ್ತಿರ ಹಾಕಬೇಕು ಅಂತ ನಿಯಮ ಇದೆ, ಓದಿಕೋ" ಅಂದೆ.

"ಹಾಕವ್ರೆ ಸಾರ್, ಬೆರಳೊತ್ತೋ ಮಿಷನ್ ಪಕ್ಕದಲ್ಲೇ. ಅಕ್ಷರ ಸಣ್ಣದು, ಓದಕ್ಕೆ ಹತ್ತು ನಿಮಿಷ ಬೇಕು. ಬೆಳಿಗ್ಗೆ ನಿಂತರೆ ಅರ್ಧ ದಿನ ಕಟ್."

"ಸಂಜೆ ಓದು."

"ಸಂಜೆ ನಾನು ಮನೇಲಿರ್ತೀನಲ್ಲ ಸಾರ್, ದಾಖಲೆ ಪ್ರಕಾರ."