9.4 ಅಂತೆ, ಕಥೆ ಏನು ಅಂತ ಮಾತ್ರ ಗೊತ್ತಿಲ್ಲವಂತೆ

ನಿನ್ನೆಯಿಂದ ತಲೆ ಕೆಟ್ಟಿದೆ, ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಹಳೇ ಕಾಮಿಕ್ಸ್ ಅಂದರೆ ನನಗಿರುವ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. "ಶುರುವಾಯ್ತಪ್ಪ ಇವನದ್ದು" ಅನ್ನುವವರು ಇಲ್ಲಿಂದಲೇ ಮುಂದಕ್ಕೆ ಹೋಗಬಹುದು, ನನಗೇನೂ ಬೇಜಾರಿಲ್ಲ.

ಪರಿಚಯದವರೊಬ್ಬರು ತಮ್ಮ ಸಂಗ್ರಹ ತೋರಿಸುತ್ತೇನೆ ಅಂತ ಮನೆಗೆ ಕರೆದಿದ್ದರು. ಹೋಗಿ ನೋಡಿದರೆ ಗೋಡೆ ತುಂಬ ಸ್ಲ್ಯಾಬ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕಾಮಿಕ್ಸನ್ನು ಗ್ರೇಡಿಂಗ್ ಕಂಪನಿಗೆ ಕಳಿಸಿದರೆ ಅವರು ಪುಟ ಪುಟ ಪರೀಕ್ಷೆ ಮಾಡಿ, 0.5ರಿಂದ 10ರೊಳಗೆ ಒಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ವಾಪಸ್ ಕಳಿಸುತ್ತಾರೆ. ಅದೇ ಸ್ಲ್ಯಾಬ್. ಆಮೇಲೆ ತೆರೆಯುವ ಹಾಗಿಲ್ಲ. ತೆರೆದರೆ ಅಂಕ ಹೋಯಿತು, ಅಂಕ ಹೋದರೆ ದುಡ್ಡು ಹೋಯಿತು.

ಅವರ ಮಗ, ಹತ್ತು ವರ್ಷ ಇರಬೇಕು, ಒಂದು ಡಬ್ಬಿಯ ಮುಂದೆ ನಿಂತಿದ್ದ. ಮುಖಪುಟದಲ್ಲಿ ಯಾರೋ ಕಟ್ಟಡದ ಮೇಲಿಂದ ತಲೆಕೆಳಗಾಗಿ ಬೀಳುತ್ತಿದ್ದಾನೆ. "ಅಪ್ಪಾ, ಇವನು ಬದುಕ್ತಾನಾ? ಇದರಲ್ಲಿ ಕಥೆ ಏನು?" ಅಂತ ಕೇಳಿದ. ಅಪ್ಪ ಹೇಳಿದ್ದು: "ಅದು ನೈನ್ ಪಾಯಿಂಟ್ ಫೋರ್ ಕಣೋ. ಮುಟ್ಟಬೇಡ."

ಹುಡುಗ ಕೇಳಿದ್ದು ಕಥೆ, ಸಿಕ್ಕಿದ್ದು ಮಾರ್ಕ್ಸು. ಸ್ಕೂಲಿನಲ್ಲಿ ಸಾಲದು ಅಂತ ಇಲ್ಲೂ.

ತಡೆಯಲಾರದೆ "ನೀವು ಓದಿದ್ದೀರಾ ಸಾರ್?" ಅಂದೆ. "ಇಲ್ಲ, ನನ್ನ ಕೈಗೆ ಬಂದಿದ್ದೇ ಸೀಲ್ ಆಗಿ" ಅಂದರು. ಸಂಕೋಚದಿಂದ ಅಲ್ಲ, ಹೆಮ್ಮೆಯಿಂದ!

ನನಗೆ ಉರಿಯುವುದು ಇಲ್ಲೇ. ಈ ಲೋಕದಲ್ಲಿ ಬೆಲೆ ಇರುವುದು ಓದಿದ್ದಕ್ಕಲ್ಲ, ಓದದೇ ಇದ್ದದ್ದಕ್ಕೆ. ಪುಸ್ತಕದ ಬೆನ್ನಿನ ಮೇಲೆ ಕೂದಲೆಳೆಯಂಥ ಗೆರೆ ಬಿದ್ದರೆ ಅದಕ್ಕೆ ಸ್ಪೈನ್ ಟಿಕ್ ಅಂತ ಹೆಸರು, ಅಂಕ ಕಟ್. ಆ ಗೆರೆ ಬಿದ್ದದ್ದು ಹೇಗೆ? ಯಾರೋ ಪುಸ್ತಕ ಬಿಡಿಸಿದ್ದರಿಂದ. ಮೂಲೆ ಮಡಚಿದ್ದು? ಯಾರೋ ಪುಟ ತಿರುಗಿಸಿದ್ದರಿಂದ. ಒಳಗಿನ ಪದಬಂಧ ತುಂಬಿಸಿದ್ದಾರೆ, ಮುಖಪುಟದ ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆದುಕೊಂಡಿದ್ದಾರೆ, ಎಲ್ಲವೂ ಅಪರಾಧವೇ.

ತಮಾಷೆ ಇನ್ನೂ ಇದೆ. ಪುಸ್ತಕಕ್ಕೆ ಹದವಾಗಿ ಶಾಖ ಕೊಟ್ಟು, ಒತ್ತಿ, ಸುಕ್ಕು ತೆಗೆಸಬಹುದು, ಅಂದರೆ ಇಸ್ತ್ರಿ. ದೊಡ್ಡ ಗ್ರೇಡಿಂಗ್ ಕಂಪನಿಯ ಲೆಕ್ಕದಲ್ಲಿ ಅದು ರಿಪೇರಿ ಅಲ್ಲ, ಅಂಕ ಏರಿದರೂ ಏರಬಹುದು. ಆದರೆ ಮುಖಪುಟದಲ್ಲಿ ಬಣ್ಣ ಹೋದ ಕಡೆ ಬಣ್ಣ ಹಚ್ಚಿದಿರೋ, ಸಾಮಾನ್ಯವಾಗಿ ರಿಪೇರಿ ಆಗಿದೆ ಅನ್ನುವ ನೇರಳೆ ಲೇಬಲ್ ಬೀಳುತ್ತದೆ. ನೇರಳೆ ಬಿದ್ದರೆ ಜಾತಿಯಿಂದ ಹೊರಗೆ ಹಾಕಿದ ಹಾಗೆ.

ಈ ಪುಸ್ತಕಗಳು ಹುಟ್ಟಿದ್ದು ಹೇಗೆ ಅಂತ ಸ್ವಲ್ಪ ನೆನಪಿಸಿಕೊಳ್ಳಿ. 1938ರ ಜೂನ್ ತಿಂಗಳ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಬೆಲೆ ಹತ್ತು ಸೆಂಟ್. ಸೂಪರ್‌ಮ್ಯಾನ್ ಹುಟ್ಟಿದ್ದೇ ಅದರಲ್ಲಿ. ಮರದ ತಿರುಳಿನ ಅಗ್ಗದ ನ್ಯೂಸ್‌ಪ್ರಿಂಟ್, ಎರಡು ಪಿನ್ನು, ಅಷ್ಟೇ. ಕಾಗದದೊಳಗಿನ ಲಿಗ್ನಿನ್ ಮತ್ತು ಆಮ್ಲ ಅದನ್ನು ಒಳಗಿಂದಲೇ ಹಳದಿ ಮಾಡಿ ಪುಡಿ ಮಾಡುತ್ತವೆ. ಬಾಳಿಕೆ ಬರಲಿ ಅಂತ ಯಾರೂ ಮಾಡಿದ್ದಲ್ಲ. ಹುಡುಗರು ಸುರುಳಿ ಸುತ್ತಿ ಚಡ್ಡಿಯ ಹಿಂದಿನ ಜೇಬಿಗೆ ತುರುಕಿಕೊಳ್ಳುತ್ತಿದ್ದರು, ಹತ್ತು ಜನಕ್ಕೆ ಕೊಟ್ಟು ಹತ್ತು ಜನರಿಂದ ತರುತ್ತಿದ್ದರು. ಎರಡನೇ ಮಹಾಯುದ್ಧ ಬಂದಾಗ ರದ್ದಿ ಸಂಗ್ರಹದ ಲೆಕ್ಕಕ್ಕೆ ಮೂಟೆಗಟ್ಟಲೆ ಹೋದವು. ಉಳಿದದ್ದನ್ನು ಅಮ್ಮಂದಿರು ಮನೆ ಗುಡಿಸುವಾಗ ಎಸೆದರು. ಹಾಗೆ ಓದಿ ಹರಿದು ಕಳೆದುಹೋದದ್ದರಿಂದಲೇ ಉಳಿದ ಕೆಲವಕ್ಕೆ ಈ ಬೆಲೆ ಬಂದದ್ದು. ಓದುಗರು ಕಟ್ಟಿಕೊಟ್ಟ ಬೆಲೆಯ ಮೇಲೆ ಕೂತು ಓದುಗರಿಗೇ ದಂಡ ಹಾಕುವುದು!

2025ರ ನವೆಂಬರ್‌ನಲ್ಲಿ ಸೂಪರ್‌ಮ್ಯಾನ್ ಮೊದಲ ಸಂಚಿಕೆಯ (1939ರದ್ದು) ಒಂದು ಪ್ರತಿ 91 ಲಕ್ಷ ಡಾಲರ್ ದಾಟಿ ಹರಾಜಾಯಿತು. ಕ್ಯಾಲಿಫೋರ್ನಿಯಾದಲ್ಲಿ ತೀರಿಹೋದ ತಾಯಿಯ ಮನೆಯ ಅಟ್ಟದಲ್ಲಿ ಮಕ್ಕಳಿಗೆ ಸಿಕ್ಕಿದ್ದು. ಗ್ರೇಡ್ 9.0. ಆ ಸುದ್ದಿ ಓದಿ ನನ್ನ ಗೆಳೆಯರೆಲ್ಲ ತಮ್ಮ ತಮ್ಮ ಅಟ್ಟ ಹತ್ತಿದರು, ಅದಿರಲಿ. ಆ ಪಾತ್ರವನ್ನು ಹುಟ್ಟಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಅನ್ನುವ ಇಬ್ಬರು ಹುಡುಗರಿಗೆ ಅದರ ಹಕ್ಕಿಗೆ ಸಿಕ್ಕಿದ್ದು 130 ಡಾಲರ್. ಆ ಹಣ ಕೊಟ್ಟ ಚೆಕ್ ಇತ್ತಲ್ಲ, ಅದೂ 2012ರಲ್ಲಿ ಹರಾಜಾಯಿತು, 1,60,000 ಡಾಲರ್‌ಗೆ. ಚೆಕ್ಕನ್ನೂ ಬಿಡಲಿಲ್ಲ ನಮ್ಮ ಜನ.

ಇನ್ನು ಓದದೆ ಇಟ್ಟವರೆಲ್ಲ ಉದ್ಧಾರವಾದರಾ ಅಂದರೆ, ತೊಂಬತ್ತರ ದಶಕ ನೋಡಿ. 1991ರ ಎಕ್ಸ್-ಮೆನ್ ಒಂದನೇ ಸಂಚಿಕೆ ಐದು ಬೇರೆ ಬೇರೆ ಮುಖಪುಟಗಳಲ್ಲಿ ಬಂತು, 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಮರುವರ್ಷ ಸೂಪರ್‌ಮ್ಯಾನ್ ಸತ್ತ ಸಂಚಿಕೆ ಕಪ್ಪು ಕವರಿನಲ್ಲಿ ಸೀಲ್ ಆಗಿ ಬಂತು, ಜೊತೆಗೆ ತೋಳಿಗೆ ಕಟ್ಟಿಕೊಳ್ಳಲು ಶೋಕದ ಪಟ್ಟಿ. ಓದಲು ಒಂದು, ಇಡಲು ಒಂದು ಅಂತ ಎರಡೆರಡು ಕೊಂಡರು. ಎಲ್ಲರೂ ಜೋಪಾನ ಮಾಡಿದರೆ ಅಪರೂಪ ಎಲ್ಲಿಂದ ಬರಬೇಕು? ಗುಳ್ಳೆ ಒಡೆಯಿತು, ಅಂಗಡಿಗಳು ಬಾಗಿಲು ಹಾಕಿದವು, 1996ರ ಡಿಸೆಂಬರ್‌ನಲ್ಲಿ ಎಕ್ಸ್-ಮೆನ್ ಹೊರತರುವ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಆ ಕಪ್ಪು ಕವರು ಇವತ್ತಿಗೂ ಸುಲಭವಾಗಿ ಸಿಗುತ್ತದೆ.

"ಸ್ಲ್ಯಾಬ್ ಇಲ್ಲದಿದ್ದರೆ ಮೋಸ ಹೋಗ್ತೀರಿ" ಅಂತ ಈಗ ಯಾರಾದರೂ ಬರುತ್ತೀರಿ, ಗೊತ್ತು. ನಿಜ, ಅಂಚು ಕತ್ತರಿಸಿ ನೀಟಾಗಿಸಿದ ಪ್ರತಿ, ಬೇರೆ ಪ್ರತಿಯಿಂದ ಪುಟ ತಂದು ಸೇರಿಸಿದ ಪ್ರತಿ ಎಲ್ಲ ಇವೆ. ದೊಡ್ಡ ಮೊತ್ತದ ವ್ಯವಹಾರಕ್ಕೆ ಮೂರನೆಯವರ ಸರ್ಟಿಫಿಕೇಟ್ ಬೇಕು, ಒಪ್ಪಿದೆ. ಆದರೆ ಕಾಪಾಡಲು ಅಷ್ಟೆಲ್ಲ ಬೇಡ ಸ್ವಾಮಿ. ಒಳ್ಳೆ ಮೈಲಾರ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಕವರು, ಹಿಂದೆ ಆಮ್ಲ ಇಲ್ಲದ ರಟ್ಟು, ಬಿಸಿಲು ತೇವ ತಾಗದ ಕಪಾಟು. ಬೇಕೆನಿಸಿದಾಗ ಕೈ ತೊಳೆದು, ಒರೆಸಿಕೊಂಡು, ತೆಗೆದು ಓದಬಹುದು.

"ಓದೋಕೆ ಹಳೇ ಸಂಚಿಕೆಗಳನ್ನು ಸೇರಿಸಿ ಮರುಮುದ್ರಿಸಿದ ಸಂಪುಟಗಳು ಇವೆಯಲ್ಲ" ಅನ್ನುವವರು ಇನ್ನೊಂದು ಪಂಗಡ. ಇವೆ, ನನ್ನ ಹತ್ತಿರವೂ ಸಾಲುಗಟ್ಟಿ ಇವೆ, ಅವಿಲ್ಲದಿದ್ದರೆ ನನ್ನಂಥವನು ಅರ್ಧ ಕಥೆ ಓದುತ್ತಲೇ ಇರಲಿಲ್ಲ. ಆದರೆ ಅದೇ ಇದಲ್ಲ. ನ್ಯೂಸ್‌ಪ್ರಿಂಟ್ ಹೀರಿಕೊಳ್ಳುತ್ತದೆ ಅಂತ ಲೆಕ್ಕ ಹಾಕಿ ಕೊಟ್ಟ ಬಣ್ಣ, ಹೊಳೆಯುವ ಕಾಗದದ ಮೇಲೆ ಕಣ್ಣಿಗೆ ರಾಚುತ್ತದೆ. 1962ರ ಮೊದಲ ಸಂಚಿಕೆಯಲ್ಲಿ ಹಲ್ಕ್ ಬೂದು ಬಣ್ಣದವನು. ಪ್ರೆಸ್ಸಿನಲ್ಲಿ ಬೂದು ಒಂದೊಂದು ಪುಟದಲ್ಲಿ ಒಂದೊಂದು ಥರ ಬಂದದ್ದಕ್ಕೆ ಎರಡನೆಯದರಿಂದ ಹಸಿರು ಮಾಡಿದರು. ಆಮೇಲಿನ ಎಷ್ಟೋ ಮರುಮುದ್ರಣಗಳಲ್ಲಿ ಆ ಮೊದಲ ಕಥೆಗೂ ಹಸಿರು ಬಳಿದುಬಿಟ್ಟರು. ಜಾಹೀರಾತು ಸಾಮಾನ್ಯವಾಗಿ ಮಾಯ, ಓದುಗರ ಪತ್ರ ಎಷ್ಟೋ ಸಲ ಮಾಯ. ಆಮ್ನಿಬಸ್ ಅನ್ನುವ ಸಾವಿರ ಪುಟದ ದಪ್ಪ ಸಂಪುಟ ಎತ್ತಿ ಎದೆ ಮೇಲೆ ಇಟ್ಟುಕೊಂಡರೆ ಉಸಿರು ಕಟ್ಟುತ್ತದೆ, ಜೋಡಿಪುಟದ ಚಿತ್ರ ಹೊಲಿಗೆಯ ಕಣಿವೆಗೆ ಬೀಳುತ್ತದೆ. ಅದೂ ಹೋಗಲಿ, ಈಗ ಮುದ್ರಣ ನಿಂತ ಆಮ್ನಿಬಸ್‌ಗಳನ್ನೂ ಪ್ಲಾಸ್ಟಿಕ್ ಹಾಳೆ ಬಿಚ್ಚದೆ ಇಟ್ಟು ದುಪ್ಪಟ್ಟು ಬೆಲೆಗೆ ಮಾರುತ್ತಿದ್ದಾರೆ. ಓದಲಿಕ್ಕೆಂದೇ ಮಾಡಿದ ಪುಸ್ತಕವನ್ನು!

ಸರಿ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನನ್ನ ಕಪಾಟಿನಲ್ಲೂ ಒಂದು ಸ್ಲ್ಯಾಬ್ ಇದೆ. ಎರಡು ವರ್ಷದ ಹಿಂದೆ ಕಳಿಸಿದ್ದೆ, ಯಾರಿಗೂ ಹೇಳಿರಲಿಲ್ಲ. 9 ಬರುತ್ತದೆ ಅಂತ ಖಾತ್ರಿ ಇತ್ತು. ಬಂದದ್ದು 6.5. ಪರೀಕ್ಷೆಯಲ್ಲಿ ಫೇಲಾದವನ ಹಾಗೆ ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಅವತ್ತು ಡಬ್ಬಿ ಒಡೆಯಲು ತೆಗೆದಿಟ್ಟ ಸ್ಕ್ರೂಡ್ರೈವರ್ ಇನ್ನೂ ಅದರ ಪಕ್ಕದಲ್ಲೇ ಇದೆ. ಒಡೆದಿಲ್ಲ. ಯಾಕೆ ಅಂತ ಕೇಳಬೇಡಿ.

ನಾನು ಹೆಚ್ಚು ಸಲ ಓದಿದ್ದು ಬೇರೆಯದನ್ನು. 1974ರಿಂದ ಒಂದೆರಡು ವರ್ಷ ಮಾರ್ವೆಲ್‌ನವರು ಪತ್ರಗಳ ಪುಟದಲ್ಲಿ ಕತ್ತರಿಸಿ ಅಂಟಿಸಿಕೊಳ್ಳಲು ಪುಟ್ಟ ಸ್ಟ್ಯಾಂಪ್ ಮುದ್ರಿಸುತ್ತಿದ್ದರು. ಮಕ್ಕಳು ಹೇಳಿದ ಹಾಗೆ ಕತ್ತರಿಸಿದರು. ವುಲ್ವರೀನ್ ಅನ್ನುವ ಪ್ರಸಿದ್ಧ ಪಾತ್ರ ಮೊದಲ ಸಲ ಪೂರ್ಣವಾಗಿ ಬಂದ ಹಲ್ಕ್ 181ನೇ ಸಂಚಿಕೆಯಲ್ಲೂ ಒಂದು ಸ್ಟ್ಯಾಂಪ್ ಇತ್ತು. ಇವತ್ತು ಅದಿಲ್ಲದ ಪ್ರತಿಯ ಬೆಲೆ ಎಷ್ಟೋ ಪಾಲು ಕಮ್ಮಿ. ನನ್ನದು ಅಂಥ ಪ್ರಸಿದ್ಧ ಸಂಚಿಕೆ ಅಲ್ಲ, ಆದರೆ ಅದರಲ್ಲೂ ಸ್ಟ್ಯಾಂಪ್ ಜಾಗದಲ್ಲಿ ಕಿಟಕಿ ಇದೆ. ಕತ್ತರಿ ಹಿಡಿದ ಕೈ ಚಿಕ್ಕದು, ಗೆರೆ ಸೊಟ್ಟ.

ಅದನ್ನು ಆ ಹುಡುಗನಿಗೆ ಓದಲು ಕೊಡಬೇಕು ಅನ್ನಿಸಿ, ಭಾನುವಾರ ಮಗನನ್ನು ಕಳಿಸಿ ಅಂತ ಅವರಪ್ಪನಿಗೆ ರಾತ್ರಿಯೇ ಮೆಸೇಜ್ ಹಾಕಿದೆ. ಎರಡು ನೀಲಿ ಟಿಕ್ ಬಿದ್ದಿವೆ. ಉತ್ತರ ಇಲ್ಲ.